ಯಾವ ಡಯಟ್ ಒಳ್ಳೇದು ಅಂತ ಕೇಳೋಕೆ ಮುಂಚೆ, ಮನೇಲಿ ನಲ್ಲಿ ನೀರು ಎಷ್ಟೊತ್ತಿಗೆ ಬರತ್ತೆ ಅಂತ ಕೇಳಿ

ಮದ್ದೂರಿನ ಹತ್ರ ಇರೋ ನಮ್ಮ ಚಿಕ್ಕಮ್ಮನ ಮನೇಲಿ ಫ್ರಿಜ್ಜಿನ ಬಾಗಿಲಿಗೆ ಒಂದು ಡಯಟ್ ಚಾರ್ಟ್ ಅಂಟಿಸಿದ್ರು. ಜೆರಾಕ್ಸ್‌ನ ಜೆರಾಕ್ಸ್ ಅದು, ಒಂದು ಕಡೆ ಅಕ್ಷರ ಅಳಿಸೇ ಹೋಗಿದೆ. ಬೆಳಗ್ಗೆ 6ಕ್ಕೆ ಬಿಸಿನೀರು ನಿಂಬೆರಸ, 6.15ರಿಂದ 7ರ ತನಕ ಬಿರುಸಾಗಿ ವಾಕಿಂಗ್, 8ಕ್ಕೆ ಓಟ್ಸ್ ಒಂದು ಬಟ್ಟಲು ಇಲ್ಲಾಂದ್ರೆ ಬ್ರೌನ್ ಬ್ರೆಡ್ 2 ಪೀಸು, 11ಕ್ಕೆ ಒಂದು ಆಪಲ್, ಮಧ್ಯಾಹ್ನ ಮುದ್ದೆ ಅನ್ನ ಎರಡೂ ಬೇಡ 2 ಚಪಾತಿ, ರಾತ್ರಿ ಸೂಪು. ಚಿಕ್ಕಮ್ಮಂಗೆ 52 ವರ್ಷ, ಎತ್ತರ 155 ಸೆಂಟಿಮೀಟರ್, ತೂಕ 74 ಕೆಜಿ, ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟ್ರು ಹೇಳಿ ಕಳ್ಸಿದ್ರು. ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡೋ ಅಳತೆ, ಲೆಕ್ಕ ಹಾಕಿದ್ರೆ 31ರ ಹತ್ರ ಬರತ್ತೆ. ನಮ್ಮ ಭಾರತೀಯರ ಮೈಗೆ 23 ದಾಟಿದ್ರೆ ತೂಕ ಜಾಸ್ತಿ, 25 ದಾಟಿದ್ರೆ ಬೊಜ್ಜು ಅಂತ ಇಲ್ಲಿನ ತಜ್ಞರು ಇಟ್ಕೊಂಡಿರೋ ಗೆರೆ, ಹಾಗಾಗಿ ತೂಕ ಇಳಿಸಿ ಅಂತ ಡಾಕ್ಟ್ರು ಹೇಳಿದ್ದರಲ್ಲಿ ತಪ್ಪೇನೂ ಇರ್ಲಿಲ್ಲ.

ಎರಡು ತಿಂಗಳು ಬಿಟ್ಟು ನಾನು ಹೋದಾಗ ಚಾರ್ಟ್ ಅಲ್ಲೇ ಇತ್ತು, ತೂಕಾನೂ ಅಲ್ಲೇ ಇತ್ತು. ಯಾಕ್ ಚಿಕ್ಕಮ್ಮ ಮಾಡ್ಲಿಲ್ಲ ಅಂದೆ. "ಆರ್ ಗಂಟೆಗೆ ನಲ್ಲೀಲಿ ನೀರ್ ಬತ್ತದೆ ಕಣಪ್ಪ, ಏಳಕ್ಕೆ ನಿಂತೋಯ್ತದೆ. ನಾನ್ ವಾಕಿಂಗ್ ಹೋದ್ರೆ ಡ್ರಮ್ ತುಂಬ್ಸೋರ್ ಯಾರು, ನಿಮ್ ಚಿಕ್ಕಪ್ಪನಾ?" ಅಂದ್ರು. ಚಿಕ್ಕಪ್ಪ ಪೇಪರ್ ಓದ್ತಾ ಕೂತಿದ್ರು, ತಲೆ ಎತ್ಲಿಲ್ಲ.

ಅವತ್ತಿಂದ ನನ್ನ ತಲೇಲಿ ಕೊರೀತಾ ಇರೋ ವಿಷ್ಯ ಇದು. ತೂಕ ಇಳಿಸೋ ಬಗ್ಗೆ ನಾವು ಮಾತಾಡೋದೆಲ್ಲ ಕೀಟೋ ಒಳ್ಳೇದಾ, ಇಂಟರ್‌ಮಿಟೆಂಟ್ ಫಾಸ್ಟಿಂಗ್ ಒಳ್ಳೇದಾ, ಅನ್ನ ಬಿಡ್ಬೇಕಾ ಎಣ್ಣೆ ಬಿಡ್ಬೇಕಾ ಅಂತ. ಆದ್ರೆ ಅದನ್ನ ಮಾಡ್ಬೇಕಾಗಿರೋ ಮನುಷ್ಯರಿಗೆ ಏನು ಬೇಕು, ಅವರ ದಿನದಲ್ಲಿ ಏನು ಹಿಡಿಸತ್ತೆ ಅಂತ ಕೇಳೋರು ಕಮ್ಮಿ. ವೈದ್ಯಕೀಯದಲ್ಲಿ ಇದನ್ನ ಪೇಷಂಟ್ ಪ್ರಿಫರೆನ್ಸ್ ಅಂತಾರೆ. ಕೇಳೋಕೆ ಸುಲಭ, ಪೇಷಂಟ್‌ಗೆ ಏನಿಷ್ಟವೋ ಅದನ್ನ ಕೊಟ್ರಾಯ್ತು ಅನ್ಸತ್ತೆ, ಒಳಗೆ ಇಳಿದ್ರೆ ಮಾತ್ರ ಸ್ವಲ್ಪ ವಿಚಿತ್ರವಾಗಿದೆ.

ಮೊದ್ಲು ಡಯಟ್‌ಗಳ ಜಗಳ ಮುಗಿಸಿಬಿಡೋಣ, ಯಾಕಂದ್ರೆ ಅದು ಹೆಚ್ಚುಕಮ್ಮಿ ಮುಗಿದಿದೆ. 2005ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 160 ಜನಾನ ಲಾಟರಿ ಎತ್ತಿದ ಹಾಗೆ 40 40 ಜನ ಮಾಡಿ ನಾಲ್ಕು ಫೇಮಸ್ ಡಯಟ್‌ಗೆ ಹಾಕಿದ್ರು, ಅಟ್ಕಿನ್ಸ್, ಝೋನ್, ವೇಟ್ ವಾಚರ್ಸ್, ಆರ್ನಿಶ್. ಅಟ್ಕಿನ್ಸ್ ಅಂದ್ರೆ ಹಿಟ್ಟು ಸಕ್ಕರೆ ಬಿಟ್ಟು ಮಾಂಸ ಮೊಟ್ಟೆ ಬೆಣ್ಣೆ ತಿನ್ನೋದು, ಆರ್ನಿಶ್ ಅಂದ್ರೆ ಅದಕ್ಕೆ ಉಲ್ಟಾ, ಕೊಬ್ಬು ತೀರಾ ಕಮ್ಮಿ ಇರೋ ಸಸ್ಯಾಹಾರ. ಒಂದು ವರ್ಷ ಆದ್ಮೇಲೆ ನೋಡಿದ್ರೆ ನಾಲ್ಕು ಗುಂಪಲ್ಲೂ ಇಳಿದಿದ್ದು ಸರಾಸರಿ 2ರಿಂದ 3 ಕೆಜಿ ಚಿಲ್ಲರೆ ಅಷ್ಟೇ, ಗುಂಪು ಗುಂಪಿನ ನಡುವೆ ಹೇಳ್ಕೊಳೋ ವ್ಯತ್ಯಾಸ ಇಲ್ಲ. ಆದ್ರೆ ಗುಂಪಿನ ಒಳಗೆ ನೋಡಿದ್ರೆ ಭಾರೀ ವ್ಯತ್ಯಾಸ, ಯಾರು ಹೇಳಿದ್ದನ್ನ ಹೆಚ್ಚು ಪಾಲಿಸಿದ್ರೋ ಅವರು ಹೆಚ್ಚು ಇಳ್ಕೊಂಡಿದ್ರು, ಯಾವ ಡಯಟ್ ಆದ್ರೂ ಸರಿ. ಇನ್ನೊಂದು, ಅಟ್ಕಿನ್ಸ್ ಮತ್ತೆ ಆರ್ನಿಶ್, ಅಂದ್ರೆ ಎರಡು ತುದಿಗೆ ಇರೋ ಡಯಟ್‌ಗಳಲ್ಲಿ, ಹೆಚ್ಚುಕಮ್ಮಿ ಅರ್ಧ ಜನ ವರ್ಷ ತುಂಬೋದ್ರೊಳಗೆ ಬಿಟ್ಟೇ ಹೋಗಿದ್ರು.

2009ರಲ್ಲಿ 811 ಜನರ ಮೇಲೆ ಎರಡು ವರ್ಷ ಮಾಡಿದ ಇನ್ನೊಂದು ದೊಡ್ಡ ಅಧ್ಯಯನದಲ್ಲೂ ಇದೇ ಕಥೆ, ಕೊಬ್ಬು ಪ್ರೋಟೀನ್ ಕಾರ್ಬ್ (ಅನ್ನ, ಹಿಟ್ಟು, ಸಕ್ಕರೇಲಿ ಇರೋ ಅಂಶ) ಯಾವ ಅಳತೇಲಿ ಬೆರೆಸಿದ್ರೂ ತೂಕ ಒಂದೇ ಥರ ಇಳೀತು, ಯಾರು ಕೌನ್ಸೆಲಿಂಗ್ ಕ್ಲಾಸ್‌ಗೆ ಹೆಚ್ಚು ಸಲ ಬಂದ್ರೋ ಅವರದ್ದು ಹೆಚ್ಚು ಇಳೀತು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ಅವರ ತಂಡ 609 ಜನರ ಮೇಲೆ ಕಮ್ಮಿ ಕೊಬ್ಬು ಒಂದು ಕಡೆ ಕಮ್ಮಿ ಕಾರ್ಬ್ ಇನ್ನೊಂದು ಕಡೆ ಅಂತ ವರ್ಷ ಪೂರ್ತಿ ನೋಡಿದ್ರು, 5.3 ಕೆಜಿ ಮತ್ತೆ 6 ಕೆಜಿ, ಇಷ್ಟೇ. ಜೀನ್ ಟೆಸ್ಟ್ ಮಾಡಿ ನಿಮಗೆ ಯಾವ ಡಯಟ್ ಸರಿ ಅಂತ ಹೇಳಬಹುದಾ ಅಂತಾನೂ ನೋಡಿದ್ರು, ಅವರು ನೋಡಿದ ಜೀನ್‌ಗಳಿಂದ ಹೇಳೋಕಾಗ್ಲಿಲ್ಲ. (ಜೀನ್ ಟೆಸ್ಟ್ ಮಾಡಿ ಡಯಟ್ ಪ್ಲಾನ್ ಕೊಡ್ತೀವಿ ಅನ್ನೋ ಜಾಹೀರಾತು ಕಂಡಾಗೆಲ್ಲ ನಂಗೆ ಇದು ನೆನಪಾಗತ್ತೆ.)

ಸರಿ, ಯಾವ ಡಯಟ್ ಅನ್ನೋದಕ್ಕಿಂತ ಬಿಡದೆ ಮಾಡೋದು ಮುಖ್ಯ. ಹಾಗಾದ್ರೆ ಜನ ತಮಗೆ ಇಷ್ಟ ಇರೋ ಡಯಟ್ಟನ್ನೇ ಆರಿಸ್ಕೊಂಡ್ರೆ ಬಿಡದೆ ಮಾಡ್ತಾರೆ, ತೂಕ ಇನ್ನೂ ಚೆನ್ನಾಗಿ ಇಳಿಯತ್ತೆ, ಅಲ್ವಾ? ನಾನೂ ಹಂಗೇ ಅಂದ್ಕೊಂಡಿದ್ದೆ.

ಇದನ್ನೂ ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ಡರ್ಹಮ್ ಊರಲ್ಲಿ ಮಾಜಿ ಸೈನಿಕರ ಆಸ್ಪತ್ರೆ ಇದೆ, ಅಲ್ಲಿ 207 ಜನಾನ ಎರಡು ಭಾಗ ಮಾಡಿದ್ರು. ಒಂದು ಭಾಗಕ್ಕೆ ಆಯ್ಕೆ ಕೊಟ್ರು, ನಿಮಗೆ ಕಮ್ಮಿ ಕಾರ್ಬ್ ಬೇಕಾ ಕಮ್ಮಿ ಕೊಬ್ಬು ಬೇಕಾ ನೀವೇ ಹೇಳಿ ಅಂತ, ಸುಮ್ನೆ ಕೇಳಿದ್ದಲ್ಲ, ಅವರಿಗೆ ಏನೇನು ತಿನ್ನೋಕಿಷ್ಟ ಅಂತ ಪ್ರಶ್ನಾವಳಿ ತುಂಬಿಸಿ ಅದರ ಫಲಿತಾಂಶಾನೂ ಕೈಗೆ ಕೊಟ್ಟು ಕೇಳಿದ್ರು. ಮೂರು ತಿಂಗಳಾದ್ಮೇಲೆ ಬೇಕಿದ್ರೆ ಬದಲಾಯಿಸ್ಬೋದು ಅಂತಾನೂ ಇತ್ತು. ಇನ್ನೊಂದು ಭಾಗಕ್ಕೆ ಆಯ್ಕೆ ಇಲ್ಲ, ಲಾಟರೀಲಿ ಬಂದಿದ್ದು ಮಾಡ್ಬೇಕು. 2015ರಲ್ಲಿ ಫಲಿತಾಂಶ ಬಂತು. 48 ವಾರ ಆದ್ಮೇಲೆ ಆರಿಸ್ಕೊಂಡವರದ್ದು 5.7 ಕೆಜಿ ಇಳಿದಿತ್ತು, ಲಾಟರಿಯವರದ್ದು 6.7 ಕೆಜಿ. ಆ ಒಂದು ಕೆಜಿ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯೋವಷ್ಟಲ್ಲ ಬಿಡಿ, ಆದ್ರೆ ಆಯ್ಕೆ ಕೊಟ್ಟಿದ್ದರಿಂದ ಲಾಭ ಆಯ್ತು ಅಂತೂ ಹೇಳೋ ಹಾಗಿಲ್ಲ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇದಕ್ಕಿಂತ ದೊಡ್ಡದು ನಡೆದಿತ್ತು, 2011ರಲ್ಲಿ ಬಂತು. 740 ಜನ, ಎಂಟು ಗುಂಪು. ಮೂರು ಗುಂಪು ದುಡ್ಡು ತಗೊಂಡು ತೂಕ ಇಳಿಸೋ ಕಂಪನಿಗಳ ಕ್ಲಾಸ್‌ಗಳಿಗೆ, ಒಂದು ಆಹಾರ ತಜ್ಞರು ನಡೆಸೋ ಗುಂಪು ತರಗತಿಗೆ, ಒಂದು ಡಾಕ್ಟ್ರ ಕ್ಲಿನಿಕ್ಕಲ್ಲೇ ಒಬ್ಬೊಬ್ಬರಿಗೇ ಸಲಹೆ, ಒಂದು ಮೆಡಿಕಲ್ ಶಾಪಲ್ಲಿ ಸಲಹೆ, ಏಳನೇ ಗುಂಪಿಗೆ ಈ ಆರರಲ್ಲಿ ನಿಮಗೆ ಬೇಕಾದ್ದು ತಗೊಳ್ಳಿ ಅಂತ, ಎಂಟನೇ ಗುಂಪಿಗೆ ಜಿಮ್ ಥರದ ಕೇಂದ್ರಕ್ಕೆ 12 ಸಲ ಹೋಗೋಕೆ ಫ್ರೀ ಕೂಪನ್ ಕೊಟ್ಟು ಕೈತೊಳ್ಕೊಂಡ್ರು. ಬೇಕಾದ್ದು ತಗೊಂಡ ಗುಂಪು ಏನೂ ಹೆಚ್ಚಿಗೆ ಸಾಧಿಸ್ಲಿಲ್ಲ, ಲಾಟರೀಲಿ ಹೋದವರಷ್ಟೇ. ನಂಗೆ ಹೆಚ್ಚು ಮಜಾ ಅನ್ಸಿದ್ದು ಇನ್ನೊಂದು, ಕ್ಲಿನಿಕ್ಕು ಮೆಡಿಕಲ್ ಶಾಪಲ್ಲಿ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಹೇಳೋದಕ್ಕೆ ಖರ್ಚು ಎಲ್ಲಕ್ಕಿಂತ ಹೆಚ್ಚು ಬಂದಿತ್ತು, ವರ್ಷದ ಕೊನೇಲಿ ತೂಕ ಮಾತ್ರ ನಂಬೋ ಹಾಗೆ ಇಳಿದಿರ್ಲಿಲ್ಲ, ವಾರಕ್ಕೊಂದ್ಸಲ ಹತ್ತಾರು ಜನ ಒಟ್ಟಿಗೆ ಸೇರೋ ಕ್ಲಾಸುಗಳೇ ಮೇಲುಗೈ.

ಹಾಗಾದ್ರೆ ಪೇಷಂಟ್‌ನ ಕೇಳೋದೇ ವೇಸ್ಟಾ? ಇಲ್ಲಿ ಎರಡು ವಿಷ್ಯ ಗಮನಿಸ್ಬೇಕು ಅಂತ ನನ್ನ ಅನಿಸಿಕೆ.

ಒಂದು, ಇಂಥ ಅಧ್ಯಯನಕ್ಕೆ ಸೇರೋರೇ ಯಾವ್ದು ಬಂದ್ರೂ ಮಾಡ್ತೀನಿ ಅಂತ ಒಪ್ಪಿ ಸಹಿ ಹಾಕಿರೋರು. "ಅನ್ನ ಬಿಡು ಅಂದ್ರೆ ನಾನು ಬರೋದೇ ಇಲ್ಲ" ಅನ್ನೋ ಗಟ್ಟಿ ಗಿರಾಕಿಗಳು ಬಾಗಿಲ ಹೊರಗೇ ಉಳಿದಿರ್ತಾರೆ. ಅಂದ್ರೆ ಯಾರಿಗೆ ಆಯ್ಕೆ ನಿಜವಾಗ್ಲೂ ಮುಖ್ಯವೋ ಅವರು ಲೆಕ್ಕದಲ್ಲೇ ಇರಲ್ಲ.

ಎರಡನೇದು ನಮ್ಮ ಭಾಷೇಲೇ ಇದೆ. ಇಷ್ಟ ಆಗೋದು ಬೇರೆ, ಒಗ್ಗೋದು ಬೇರೆ. ಏನು ತಿನ್ನೋಕಿಷ್ಟ ಅಂತ ಕೇಳಿ ಅದನ್ನೇ ಡಯಟ್ ಅಂತ ಕೊಟ್ರೆ ಮನುಷ್ಯ ಇಷ್ಟದ್ದು ಅಂತ ಇನ್ನೊಂದು ತುತ್ತು ಜಾಸ್ತೀನೇ ತಿಂತಾನೆ. ನಂಗೆ ಮೊಟ್ಟೆ ಚಿಕನ್ ಅಂದ್ರೆ ಪ್ರಾಣ, ಕಮ್ಮಿ ಕಾರ್ಬ್ ಅಂತ ಹೇಳಿ ನೋಡಿ, ಬಿರಿಯಾನೀಲಿ ಅನ್ನ ಬಿಟ್ಟು ಪೀಸೆಲ್ಲ ಖಾಲಿ ಮಾಡಿ ಡಯಟಲ್ಲಿದೀನಿ ಅಂತೀನಿ. ನಾಲಿಗೆ ಆರಿಸೋದಕ್ಕೂ ದಿನಚರಿ ತಡ್ಕೊಳೋದಕ್ಕೂ ಸಂಬಂಧ ಕಮ್ಮಿ. ಅಮೆರಿಕ ಇಂಗ್ಲೆಂಡ್ ಎರಡೂ ಕಡೆ ಆಯ್ಕೆ ಅಂತ ಕೊಟ್ಟಿದ್ದು ತಜ್ಞರು ಮೊದ್ಲೇ ಕಟ್ಟಿಟ್ಟಿದ್ದ ಪ್ಯಾಕೆಟ್‌ಗಳನ್ನ, ಇದು ಬೇಕಾ ಅದು ಬೇಕಾ ಅಂತ. ಪ್ಯಾಕೆಟ್ ಒಳಗೆ ಏನಿರ್ಬೇಕು ಅಂತ ಅವರನ್ನ ಕೇಳಿರ್ಲಿಲ್ಲ.

ಆ ಒಳಗಿನದ್ದನ್ನ ಕೇಳೋದು ಹೆಂಗೆ? ನೇರವಾಗಿ ಕೇಳಿದ್ರೆ ಜನ ಸುಳ್ಳು ಹೇಳಲ್ಲ, ಆದ್ರೆ ಎಲ್ಲಾ ಬೇಕು ಅಂತಾರೆ. ಬೇಗ ಇಳೀಬೇಕು, ಕಮ್ಮಿ ಖರ್ಚಾಗ್ಬೇಕು, ಹಸಿವಾಗ್ಬಾರ್ದು, ಟೈಮ್ ಹಿಡೀಬಾರ್ದು. ಎಲ್ಲ ಮುಖ್ಯ ಅಂದ್ರೆ ಏನೂ ಗೊತ್ತಾಗ್ಲಿಲ್ಲ ಅಂತ ಅರ್ಥ. ಇದಕ್ಕೆ ದಾರಿ ತೋರಿಸಿದ್ದು ಆರೋಗ್ಯದವರಲ್ಲ, ರೈಲಿನ ಲೆಕ್ಕ ಹಾಕಿದ ಒಬ್ಬ ಅರ್ಥಶಾಸ್ತ್ರಜ್ಞ. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಹೊಸ ಮೆಟ್ರೋ ಥರದ ರೈಲು ಶುರುವಾಗೋದಿತ್ತು, ಬಾರ್ಟ್ ಅಂತ. ಎಷ್ಟು ಜನ ಕಾರು ಬಸ್ಸು ಬಿಟ್ಟು ಇದಕ್ಕೆ ಬರ್ತಾರೆ ಅಂತ ಸರ್ಕಾರಿ ಅಂದಾಜು ನೂರಕ್ಕೆ 15. ಡೇನಿಯಲ್ ಮೆಕ್‌ಫ್ಯಾಡನ್ ಅನ್ನೋರು ಜನ ಈಗಾಗ್ಲೇ ಸಮಯ, ದುಡ್ಡು, ನಡೆಯೋ ದೂರ, ಕಾಯೋ ಹೊತ್ತು ಇವುಗಳಲ್ಲಿ ಯಾವ್ದಕ್ಕೆ ಯಾವ್ದನ್ನ ಬಿಟ್ಟುಕೊಡ್ತಾರೆ ಅಂತ ಬಿಡಿಸಿ ನೋಡಿ ನೂರಕ್ಕೆ 6.3 ಅಂದ್ರು. ರೈಲು ಓಡಿದ್ಮೇಲೆ ಬಂದಿದ್ದು 6.2. 2000ದಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಜೇಮ್ಸ್ ಹೆಕ್‌ಮನ್ ಜೊತೆ ಹಂಚ್ಕೊಂಡು.

ಇದರ ಒಳಗಿನ ಐಡಿಯಾ ಸಂತೇಲಿ ತರಕಾರಿ ತಗೊಳೋ ಎಲ್ಲರಿಗೂ ಗೊತ್ತಿರೋದೇ. ಯಾವ ವಸ್ತುವಾದ್ರೂ ಕೆಲವು ಗುಣಗಳ ಗಂಟು, ನಾವು ಗಂಟನ್ನ ನೋಡಿ ಒಂದು ಗುಣ ಸ್ವಲ್ಪ ಬಿಟ್ಟು ಇನ್ನೊಂದು ಗುಣ ಸ್ವಲ್ಪ ಹೆಚ್ಚು ತಗೋತೀವಿ. ಟೊಮೇಟೊ ಸ್ವಲ್ಪ ಮೆತ್ತಗಿದ್ರೂ ಪರ್ವಾಗಿಲ್ಲ 10 ರೂಪಾಯಿ ಕಮ್ಮಿ ಮಾಡು ಅನ್ನೋದು ಇದೇ ಲೆಕ್ಕ. ಹಾಗಾಗಿ ಆರೋಗ್ಯ ಸಂಶೋಧಕರು ಈಗ ಪೇಷಂಟ್‌ಗೆ ಏನು ಮುಖ್ಯ ಅಂತ ಕೇಳೋ ಬದ್ಲು ಎರಡು ಕಾಲ್ಪನಿಕ ಕಾರ್ಯಕ್ರಮ ಎದುರಿಗಿಟ್ಟು ಒಂದು ಆರಿಸಿ ಅಂತಾರೆ, ಆಮೇಲೆ ಗುಣಗಳನ್ನ ಅದಲು ಬದಲು ಮಾಡಿ ಇನ್ನೆರಡು, ಮತ್ತೆ ಇನ್ನೆರಡು. ನೂರಾರು ಜನರ ಉತ್ತರ ಸೇರಿಸಿ ಲೆಕ್ಕ ಹಾಕಿದ್ರೆ ಒಂದೊಂದು ಗುಣಕ್ಕೂ ಜನ ಎಷ್ಟು ಬೆಲೆ ಕೊಡ್ತಾರೆ ಅಂತ ಹೊರಗೆ ಬರತ್ತೆ.

ನಾನು ಇದನ್ನ ಚಿಕ್ಕಮ್ಮನ ಮೇಲೆ ಪ್ರಯೋಗ ಮಾಡಿದೆ. ಒಬ್ಬರನ್ನ ಕೇಳಿದ್ರೆ ಅದು ವಿಜ್ಞಾನ ಆಗಲ್ಲ ಗೊತ್ತು, ಆದ್ರೂ ನೋಡೋಣ ಅಂತ. ಹಳೇ ಕ್ಯಾಲೆಂಡರ್ ಹಾಳೆ ಹರಿದು ಹಿಂದೆ ನಡುವೆ ಗೆರೆ ಎಳೆದೆ. ಎಡಗಡೆ: ಆರು ತಿಂಗಳಲ್ಲಿ 8 ಕೆಜಿ ಇಳಿಯತ್ತೆ, ನಿಂಗೆ ಬೇರೆ ಅಡುಗೆ, ಜಿಮ್, ತಿಂಗಳಿಗೆ 1500 ರೂಪಾಯಿ. ಬಲಗಡೆ: ಆರು ತಿಂಗಳಲ್ಲಿ 4 ಕೆಜಿ, ಮನೆಯವರ ಅಡುಗೇನೇ ಆದ್ರೆ ಮುದ್ದೆ ಸಣ್ಣದು, ವಾಕಿಂಗ್, ದುಡ್ಡಿಲ್ಲ. ಯಾವ್ದು ತಗೋತೀಯ ಚಿಕ್ಕಮ್ಮ?

"ಬಲಗಡೇದು."

ದುಡ್ಡಿಗೇನೋ ಅಂದ್ಕೊಂಡು ಎಡಗಡೆ 1500 ಹೊಡೆದು ಹಾಕಿ ಫ್ರೀ ಅಂತ ಬರೆದೆ. ಆಗ್ಲೂ ಬಲಗಡೇದೇ. 8 ಕೆಜಿ ತೆಗೆದು 12 ಕೆಜಿ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದ್ರು, ಸೆರಗಲ್ಲಿ ಮುಖ ಒರೆಸ್ಕೊಂಡ್ರು, "ಹನ್ನೆರಡಾ? ಬ್ಯಾಡ ಬಿಡು. ಐದ್ ಜನಕ್ಕೆ ಒಂದ್ ಸಾರು ನಂಗೊಂದ್ ಸಾರು ಅಂತ ಎರಡೆರಡ್ ಸಲ ಒಲೆ ಮುಂದೆ ನಿಂತ್ಕೊಳ್ಳೋಕೆ ನಂಗಾಗಕಿಲ್ಲ" ಅಂದ್ರು. ಆಮೇಲೆ ಬೇರೆ ಅಡುಗೆ ಅನ್ನೋದನ್ನ ಎರಡೂ ಕಡೆಯಿಂದ ತೆಗೆದೆ, ಈಗ ಎಡಗಡೆ ಬೆಳಗ್ಗೆ ಒಬ್ಬಳೇ ವಾಕಿಂಗ್ 6 ಕೆಜಿ, ಬಲಗಡೆ ಸಂಜೆ ಪಕ್ಕದ ಮನೆಯವರ ಜೊತೆ 4 ಕೆಜಿ. ಬಲಗಡೇದು. ಐದನೇ ಸಲ ಸುಮ್ನೆ ಏನೋ ಒಂದು ಇರ್ಲಿ ಅಂತ ಬರೆದಿದ್ದು: ಎಡಗಡೆ ತಿಂಗಳಿಗೊಂದ್ಸಲ ಆಸ್ಪತ್ರೇಲಿ ತೂಕ, ಫ್ರೀ. ಬಲಗಡೆ ಮನೇಲೇ ತೂಕದ ಮಿಷನ್ನು, 900 ರೂಪಾಯಿ ಕೊಡ್ಬೇಕು. ಫ್ರೀ ತಗೋತಾರೆ ಅಂತ ನನಗೆ ಗ್ಯಾರಂಟಿ ಇತ್ತು. 900 ಅಂದ್ರು. ತೂಕ ನೋಡೋ ಹುಡುಗಿ ಕ್ಯೂ ಪೂರ್ತಿ ಕೇಳೋ ಹಂಗೆ "ಎಪ್ಪತ್ನಾಕು" ಅಂತ ಕೂಗಿದ್ಲಂತೆ, ಹಿಂದೆ ನಿಂತಿದ್ದೋರಲ್ಲಿ ಊರೋರೇ ಮೂರು ಜನ ಇದ್ರಂತೆ.

ಈ ಅವಮಾನದ ವಿಷ್ಯ ಯಾವ ಡಯಟ್ ಚಾರ್ಟಲ್ಲೂ ಇರಲ್ಲ. ಅವರು ಎರಡು ತಿಂಗಳು ಆಸ್ಪತ್ರೆ ಕಡೆ ತಲೆ ಹಾಕದೇ ಇದ್ದಿದ್ದಕ್ಕೆ ಕಾರಣ ಸೋಮಾರಿತನ ಅಂತ ಮನೆಯವರೆಲ್ಲ ಅಂದ್ಕೊಂಡಿದ್ವಿ. ನಾನೂ.

ಅಡುಗೆ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ನಮ್ಮ ಕಡೆ ಇದೇ ದೊಡ್ಡದು. ಮನೇಲಿ ಒಲೆ ಒಂದು, ಅಡುಗೆ ಮಾಡೋ ಕೈ ಒಂದು, ಆ ಕೈಯವರೇ ಪೇಷಂಟ್ ಆದ್ರೆ ಅವರ ಊಟ ಯಾವಾಗ್ಲೂ ಕೊನೇದು, ಉಳಿದಿದ್ದು. ಚಾರ್ಟ್ ಹೇಳತ್ತೆ ಮುದ್ದೆ ಬಿಟ್ಟು ಚಪಾತಿ ತಿನ್ನಿ ಅಂತ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ತೆಗೆದು ನೋಡಿ, 100 ಗ್ರಾಂ ರಾಗೀಲಿ 320 ಕ್ಯಾಲರಿ ಹತ್ರ, 100 ಗ್ರಾಂ ಗೋಧಿ ಹಿಟ್ಟಲ್ಲೂ 320 ಹತ್ರಾನೇ. ನಾರಿನಂಶ ಎರಡರಲ್ಲೂ ಚೆನ್ನಾಗೇ ಇದೆ, ಕ್ಯಾಲ್ಸಿಯಂ ಅಂತೂ ರಾಗೀಲಿ ಎಷ್ಟೋ ಪಾಲು ಹೆಚ್ಚು. ಚಪಾತಿಗೆ ಮೇಲೆ ಎಣ್ಣೆ ಬೇರೆ ಸವರ್ತೀವಿ, ಮುದ್ದೆಗೆ ಅದೂ ಇಲ್ಲ. ಅಂದ್ರೆ ಮಂಡ್ಯದ ಹೆಂಗಸಿನ ತಟ್ಟೆಯಿಂದ ಮುದ್ದೆ ಕಿತ್ಕೊಂಡಿದ್ದಕ್ಕೆ ಲಾಭ ಏನೂ ಆಗ್ಲಿಲ್ಲ, ಊಟ ಮಾಡಿದ ತೃಪ್ತಿ ಹೋಯ್ತು ಅಷ್ಟೇ. ಮಾಡ್ಬೇಕಾಗಿದ್ದು ಮುದ್ದೆ ಗಾತ್ರ ಇಳಿಸಿ, ಅದಾದ್ಮೇಲೆ ಹಾಕ್ಕೊಳೋ ಅನ್ನ ಇಳಿಸಿ, ಸಾರಲ್ಲಿ ಕಾಳು ಸೊಪ್ಪು ಜಾಸ್ತಿ ಮಾಡೋದು, ಅದನ್ನ ಮನೆಯವರೆಲ್ಲ ತಿನ್ನಬಹುದು. ಭಾರತೀಯರ ಊಟದಲ್ಲಿ ಕ್ಯಾಲರಿಯ ನೂರಕ್ಕೆ 62ರಷ್ಟು ಬರೀ ಕಾರ್ಬಿನಿಂದಾನೇ ಬರತ್ತೆ ಅಂತ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರ ದೊಡ್ಡ ಸರ್ವೆ ಹೇಳಿದೆ. ನಮ್ಮ ತೊಂದರೆ ರಾಗೀನಾ ಗೋಧೀನಾ ಅನ್ನೋದಲ್ಲ, ತಟ್ಟೆ ತುಂಬಾ ಅದೇ ಇರೋದು. ಕರಾವಳೀಲಿ ಕುಚ್ಚಲಕ್ಕಿ ಗಂಜಿ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ, ಅಲ್ಲೂ ಇದೇ ಮಾತು. ರೊಟ್ಟಿ ಬಿಡಿ ಅಂತ ವಿಜಯಪುರದಲ್ಲಿ ಹೇಳಿ ನೋಡಿ, ಏನ್ ಉತ್ತರ ಬರತ್ತೆ ಅಂತ.

ಇನ್ನು ವ್ಯಾಯಾಮ. ಇಲ್ಲಿ ಜನರ ಇಷ್ಟಕ್ಕೂ ದೇಹದ ಲೆಕ್ಕಕ್ಕೂ ನಡುವೆ ಒಂದು ಕಹಿ ಸತ್ಯ ಇದೆ, ಸುಮಾರು ಜನ "ಊಟ ಬಿಡೋಕಾಗಲ್ಲ, ವಾಕಿಂಗ್ ಬೇಕಾದ್ರೆ ಎಷ್ಟಾದ್ರೂ ಮಾಡ್ತೀನಿ" ಅಂತಾರೆ. 70 ಕೆಜಿ ಇರೋರು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದ್ರೆ ಖರ್ಚಾಗೋದು 120 ಕ್ಯಾಲರಿ ಆಸುಪಾಸು. ಒಗ್ಗರಣೆಗೆ ಒಂದು ದೊಡ್ಡ ಚಮಚ ಎಣ್ಣೆ ಹಾಕ್ತೀವಲ್ಲ, ಅದರಲ್ಲೂ 120. ಹಾಗಾಗಿ ಬರೀ ನಡೆದು ತೂಕ ಇಳಿಸ್ತೀನಿ ಅಂದ್ರೆ ತುಂಬಾ ನಿಧಾನ, ಅದ್ರಲ್ಲೂ ವಾಕಿಂಗ್ ಮುಗಿಸಿ ಬರ್ತಾ ದರ್ಶಿನೀಲಿ ಎರಡು ವಡೆ ಹೊಡೆದ್ರೆ ಮುಗೀತು. (ಬೆಂಗಳೂರಲ್ಲಿ ಲಾಲ್‌ಬಾಗ್ ಗೇಟಿನ ಹೊರಗೆ ಭಾನುವಾರ ಬೆಳಗ್ಗೆ ತಿಂಡಿಗೆ ನಿಂತಿರೋ ಟ್ರ್ಯಾಕ್ ಪ್ಯಾಂಟುಗಳ ಗುಂಪು ನೋಡಿದೀರಲ್ಲ.)

ಆದ್ರೆ ವಾಕಿಂಗ್ ವೇಸ್ಟ್ ಅಂತ ಓದ್ಕೋಬೇಡಿ, ತೂಕದ ಮಿಷನ್ ತೋರಿಸದೇ ಇರೋದೂ ಒಳಗೆ ನಡೀತಿರತ್ತೆ. ಚೆನ್ನೈನಲ್ಲಿ ಡಾ. ರಾಮಚಂದ್ರನ್ ಅವರ ತಂಡ ಶುಗರ್ ಬಾರ್ಡರ್‌ನಲ್ಲಿದ್ದ 531 ಜನರ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಬಂತು. ಊಟ ಸ್ವಲ್ಪ ತಿದ್ದಿ, ದಿನಾ ಅರ್ಧ ಗಂಟೆ ನಡೀರಿ ಅಂದ್ರು, ಮೈಮುರಿದು ದುಡಿಯೋರಿಗೆ ಮತ್ತೆ ಆಗ್ಲೇ ಅಷ್ಟು ನಡೆಯೋರಿಗೆ ನಿಮ್ಮದು ಸರಿಯಾಗಿದೆ ಅದನ್ನೇ ಮುಂದುವರ್ಸಿ ಅಂದ್ರು. ಈ ಮಾತು ನಂಗೆ ಬಹಳ ಹಿಡಿಸ್ತು, ಹೊಲದಲ್ಲಿ ದುಡಿದು ಬಂದೋಳಿಗೆ ವಾಕಿಂಗ್ ಹೋಗಮ್ಮ ಅನ್ನೋ ಡಾಕ್ಟ್ರುಗಳನ್ನ ನಾನು ನೋಡಿದೀನಿ. ಸುಮಾರು ಮೂರು ವರ್ಷ ಆದ್ಮೇಲೆ ಸಲಹೆ ಇಲ್ಲದ ಗುಂಪಲ್ಲಿ ನೂರಕ್ಕೆ 55 ಜನಕ್ಕೆ ಸಕ್ಕರೆ ಕಾಯಿಲೆ ಬಂದಿತ್ತು, ಈ ಗುಂಪಲ್ಲಿ 39. ತೂಕ? ಹೇಳ್ಕೊಳೋ ಹಾಗೆ ಇಳಿದೇ ಇರ್ಲಿಲ್ಲ. ತೂಕ ಇಳೀಲಿಲ್ಲ ಅಂತ ಮೂರನೇ ತಿಂಗಳಿಗೆ ಬಿಟ್ಟುಬಿಡೋರಿಗೆ ಇದನ್ನ ಯಾರಾದ್ರೂ ಹೇಳ್ಬೇಕು.

ಮತ್ತೆ ನಮ್ಮಲ್ಲಿ ವ್ಯಾಯಾಮ ಅಂತ ಮಾಡೋದೇ ಹೊಸದು. ಐಸಿಎಂಆರ್‌ನ ಅದೇ ಸರ್ವೆಯ ಮೊದಲ ಹಂತ, 2014ರಲ್ಲಿ ಬಂದಿದ್ದು, ಅದರ ಪ್ರಕಾರ ಅರ್ಧಕ್ಕಿಂತ ಹೆಚ್ಚು ಜನ ಚಟುವಟಿಕೆ ಇಲ್ಲದೇ ಕೂತಿರೋರು, ಆಟ ವಾಕಿಂಗ್ ಅಂತ ಬಿಡುವಿನಲ್ಲಿ ಮೈ ದಂಡಿಸೋರು ನೂರಕ್ಕೆ 10ಕ್ಕಿಂತ ಕಮ್ಮಿ. ಗಂಡಸರು ಶಾರ್ಟ್ಸ್ ಹಾಕ್ಕೊಂಡು ಕುಕ್ಕರಹಳ್ಳಿ ಕೆರೆ ಸುತ್ತಬಹುದು, ಸಣ್ಣ ಊರಲ್ಲಿ 52 ವರ್ಷದ ಹೆಂಗಸು ಸುಮ್ ಸುಮ್ನೆ ರಸ್ತೇಲಿ ಬೀಸಾಗಿ ನಡೆದ್ರೆ ಎಲ್ಲಿಗ್ ಹೊಂಟೆ ಅಕ್ಕ, ಏನಾಯ್ತು ಅಂತ ನಾಲ್ಕು ಜನ ಕೇಳ್ತಾರೆ. ಅದಕ್ಕೇ ಚಿಕ್ಕಮ್ಮ ಒಬ್ಬಳೇ 6 ಕೆಜಿ ಬೇಡ, ಜೊತೆ ಇದ್ರೆ 4 ಕೆಜಿ ಸಾಕು ಅಂದಿದ್ದು. ಜೊತೆ ಇದ್ರೆ ಅದು ವಾಕಿಂಗ್ ಅಲ್ಲ, ದೇವಸ್ಥಾನಕ್ಕೆ ಹೋಗಿ ಬರೋದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಗುಂಪು ಕ್ಲಾಸುಗಳು ಗೆದ್ದಿದ್ದಕ್ಕೂ ಇದಕ್ಕೂ ಏನೋ ನಂಟು ಇದ್ದೇ ಇದೆ ಅಂತ ನಂಗನ್ಸತ್ತೆ, ಒಬ್ರಿಗೊಬ್ರು ಕಾಯ್ತಾರೆ ಅನ್ನೋದು ಸಣ್ಣ ವಿಷ್ಯ ಅಲ್ಲ.

ಜನರ ಇಷ್ಟ ಪೂರ್ತಿ ಎಡವೋ ಜಾಗ ಒಂದಿದೆ, ಎಷ್ಟು ಇಳೀಬೇಕು ಅನ್ನೋದು. 1997ರಲ್ಲಿ ಅಮೆರಿಕದ ಗ್ಯಾರಿ ಫಾಸ್ಟರ್ ಮತ್ತೆ ಅವರ ಜೊತೆಯವರು 60 ಜನ ಹೆಂಗಸರನ್ನ ಚಿಕಿತ್ಸೆ ಶುರು ಮಾಡೋ ಮುಂಚೆ ಕೇಳಿದ್ರು, ಎಷ್ಟು ಇಳಿದ್ರೆ ಖುಷಿ, ಎಷ್ಟಾದ್ರೆ ಹೋಗ್ಲಿ ಅಂತೀರಾ, ಎಷ್ಟಕ್ಕೇ ನಿಂತ್ರೆ ಬೇಜಾರು ಅಂತ. ಅವರ ಗುರಿ ಅಂದ್ರೆ ಮೈತೂಕದಲ್ಲಿ ನೂರಕ್ಕೆ 32 ಇಳೀಬೇಕು. 25 ಕೆಜಿ ಇಳಿದ್ರೆ ಹೋಗ್ಲಿ, 17 ಕೆಜಿ ಇಳಿದ್ರೆ ಬೇಜಾರು. 48 ವಾರ ಕಷ್ಟಪಟ್ಟು ಸರಾಸರಿ 16 ಕೆಜಿ ಇಳಿಸಿದ್ರು, ಯಾವ ಡಾಕ್ಟ್ರಾದ್ರೂ ಭೇಷ್ ಅನ್ನೋ ಫಲಿತಾಂಶ. ಅವರಲ್ಲಿ ಹತ್ರ ಹತ್ರ ಅರ್ಧ ಜನ ತಾವೇ ಬೇಜಾರು ಅಂತ ಹೇಳಿದ್ದ ಗೆರೇನೂ ಮುಟ್ಟಿರ್ಲಿಲ್ಲ. ಇನ್ನೊಂದು ಕಡೆ, 3234 ಜನರ ಮೇಲೆ ನಡೆದು 2002ರಲ್ಲಿ ಬಂದ ಅಮೆರಿಕದ ಪ್ರಸಿದ್ಧ ಡಯಾಬಿಟಿಸ್ ತಡೆ ಅಧ್ಯಯನದಲ್ಲಿ ಇಟ್ಟಿದ್ದ ಗುರಿ ಬರೀ ನೂರಕ್ಕೆ 7, ವಾರಕ್ಕೆ 150 ನಿಮಿಷ ನಡಿಗೆ, ಅಷ್ಟಕ್ಕೇ ಸಕ್ಕರೆ ಕಾಯಿಲೆ ಬರೋದು ನೂರಕ್ಕೆ 58 ಕಮ್ಮಿ ಆಯ್ತು. ಚಿಕ್ಕಮ್ಮನ ಲೆಕ್ಕದಲ್ಲಿ ನೂರಕ್ಕೆ 7 ಅಂದ್ರೆ 5 ಕೆಜಿ ಸ್ವಲ್ಪ ಮೇಲೆ. ಮದುವೆ ಮನೇಲಿ ಯಾರೂ ಗುರುತೂ ಹಿಡಿಯಲ್ಲ. ಇಲ್ಲಿ ಮಾತ್ರ ಪೇಷಂಟ್ ಹೇಳಿದ್ದಕ್ಕೆಲ್ಲ ಹೂಂ ಅನ್ನದೆ ಕೂರಿಸ್ಕೊಂಡು ಬಿಡಿಸಿ ಹೇಳ್ಬೇಕು, ಹೇಳೋ ಧೈರ್ಯ ಬಹಳ ಕ್ಲಿನಿಕ್ಕಿಗಿಲ್ಲ, 30 ದಿನದಲ್ಲಿ 10 ಕೆಜಿ ಅಂತ ಬೋರ್ಡ್ ಹಾಕೋದೇ ಸುಲಭ.

ಈಗ ಚುಚ್ಚುಮದ್ದುಗಳೂ ಬಂದಿವೆ, ಮೌಂಜಾರೋ ವೆಗೋವಿ ಎರಡೂ 2025ರಲ್ಲಿ ಭಾರತದ ಮಾರ್ಕೆಟ್ಟಿಗೆ ಬಂದವು, ತೂಕ ಚೆನ್ನಾಗೇ ಇಳಿಸ್ತವೆ, ನಿಲ್ಲಿಸಿದ್ರೆ ಬಹುಪಾಲು ವಾಪಸ್ ಬರತ್ತೆ. ಅದು ಬೇರೇದೇ ಲೇಖನ. ಆದ್ರೆ ಅದನ್ನ ತಗೊಂಡ್ರೂ ಏನು ತಿಂತೀರಿ, ಯಾವಾಗ ನಡೀತೀರಿ ಅನ್ನೋ ಪ್ರಶ್ನೆ ತಪ್ಪಲ್ಲ.

ಇಷ್ಟೆಲ್ಲ ಓದಿದ್ಮೇಲೆ ನನ್ನ ಲೆಕ್ಕ ಹೀಗೆ. ಅಡುಗೆ ಯಾರು ಮಾಡ್ತಾರೆ, ದಿನದಲ್ಲಿ ಯಾವ ಅರ್ಧ ಗಂಟೆ ನಿಮ್ಮದು, ಜೊತೆಗೆ ಯಾರು ಬರ್ತಾರೆ, ಯಾರ ಮುಂದೆ ತೂಕ ನೋಡ್ಕೊಳೋಕೆ ನಾಚಿಕೆ ಆಗಲ್ಲ, ತಿಂಗಳಿಗೆ ಎಷ್ಟು ದುಡ್ಡು ಖರ್ಚು ಮಾಡ್ತೀರಿ, ಯಾವ ಒಂದು ಪದಾರ್ಥ ಬಿಡು ಅಂದ್ರೆ ಎದ್ದು ಹೋಗ್ತೀರಿ. ಇವನ್ನ ಮೊದ್ಲು ಕೇಳಿ ಆಮೇಲೆ ಅದರೊಳಗೆ ಕ್ಯಾಲರಿ ಕೂರಿಸ್ಬೇಕು. ಈಗ ನಡೀತಿರೋದು ಉಲ್ಟಾ, ಮೊದ್ಲು ಕ್ಯಾಲರಿ ಚಾರ್ಟ್, ಆಮೇಲೆ ಅದರೊಳಗೆ ಮನುಷ್ಯನ್ನ ತುರುಕೋದು. ಕೇಳೋಕೆ ಐದು ನಿಮಿಷ ಬೇಕು, ಹೊರಗೆ ನಲವತ್ತು ಜನ ಕೂತಿರೋ ಓಪಿಡೀಲಿ ಡಾಕ್ಟ್ರಿಗೆ ಆ ಐದು ನಿಮಿಷ ಎಲ್ಲಿಂದ ಬರ್ಬೇಕು ಅನ್ನೋದೂ ನಿಜವೇ. ಕಾಯ್ತಾ ಕೂತಾಗ ಒಂದು ಹಾಳೆ ಕೊಟ್ಟು ತುಂಬಿಸ್ಕೊಂಡ್ರೂ ಆಗತ್ತೆ, ಇಲ್ಲಾಂದ್ರೆ ಜೊತೆಗೆ ಹೋದ ಮಗನೋ ಮಗಳೋ ಮನೇಲೇ ಬರ್ಕೊಂಡು ಹೋಗ್ಬಹುದು.

ಚಿಕ್ಕಮ್ಮ 900 ಕೊಟ್ಟು ಮಿಷನ್ ತಗೊಂಡ್ರು, ಮಂಚದ ಕೆಳಗೆ ಇಟ್ಟಿದ್ದಾರೆ, ಯಾರಿಗೂ ತೋರಿಸಲ್ಲ. ಸಂಜೆ ಐದೂವರೆಗೆ ಪಕ್ಕದ ಮನೆ ಅಕ್ಕನ ಜೊತೆ ನಾಲೆ ಏರಿ ಮೇಲೆ ದೇವಸ್ಥಾನದ ತನಕ ಹೋಗಿ ಬರೋದು. ಮುದ್ದೆ ಕೈಯಲ್ಲಿ ಕಟ್ಟೋರು ಈಗ ಒಂದು ಸಣ್ಣ ಬಟ್ಟಲಲ್ಲಿ ಅಳೆದು ಕಟ್ತಾರೆ. ನಾಲ್ಕು ತಿಂಗಳಿಗೆ 3 ಕೆಜಿ ಇಳಿದಿತ್ತು. ಆಮೇಲೆ ಆ ಅಕ್ಕನ ಮಗಳ ಬಾಣಂತನ ಬಂತು, ಜೊತೆ ತಪ್ಪೋಯ್ತು, ಅವರೆಕಾಯಿ ಕಾಲ ಬೇರೆ, ಮೂರು ವಾರ ಎಲ್ಲ ನಿಂತೋಗಿತ್ತು. ನಾನು ಏನೂ ಕೇಳಿರ್ಲಿಲ್ಲ, ಮೊನ್ನೆ ಅವರೇ ಫೋನ್ ಮಾಡಿದ್ರು.

"ಅದೇ ಕಣಪ್ಪ, ಕ್ಯಾಲೆಂಡರ್ ಹಾಳೇಲಿ ಎಡಗಡೆ ಬಲಗಡೆ ಅಂತ ಬರ್ದಿದ್ಯಲ್ಲ. ಬಂದಾಗ ಇನ್ನೊಂದ್ಸಲ ಬರ್ದು ಕೇಳು. ಈ ಸಲ ಬೇರೆ ಹೇಳ್ತೀನಿ."